ಆ ಟೇಪನ್ನು ಯಾರೋ ಇಟ್ಟುಕೊಂಡಿದ್ದರು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಗಿಟಾರ್ ವಾದಕ ಸ್ಟೀವ್ ವಾಯ್ ಬಗ್ಗೆ ಒಂದು ಚಿಕ್ಕ ಸುದ್ದಿ ಹಾಕಿದ್ದೀರಿ. ಮೊದಲು ಅದಕ್ಕೆ ಥ್ಯಾಂಕ್ಸ್. ಕನ್ನಡ ಪತ್ರಿಕೆಯಲ್ಲಿ ರಾಕ್ ಗಿಟಾರ್ ಬಗ್ಗೆ ಬರುವುದೇ ಅಪರೂಪ. ಆದರೆ ಅದರ ತಲೆಬರಹ ನೋಡಿ ಮನಸ್ಸಿಗೆ ಕಸಿವಿಸಿಯಾಯಿತು. ಕಳೆದುಹೋಗಿದ್ದ ಆಲ್ಬಂ ಮೂವತ್ತು ವರ್ಷದ ನಂತರ ಸಿಕ್ಕಿತು ಎನ್ನುವ ಅರ್ಥ ಬರುವ ಹಾಗೆ ಇತ್ತು. ಅದು ಕಳೆದುಹೋಗಿರಲಿಲ್ಲ ಸಾರ್. ಅವರು ಅದನ್ನು ಇಟ್ಟುಕೊಂಡಿದ್ದರು. ಈ ಒಂದು ಮಾತಿಗಾಗಿ ಇಷ್ಟು ಉದ್ದ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ನಾನು ಎಸ್‌.ಪಿ. ರಸ್ತೆಯ ಒಂದು ಗಲ್ಲಿಯಲ್ಲಿ ಟೇಪ್‌ರೆಕಾರ್ಡರ್ ರಿಪೇರಿ ಮಾಡುವವನು. 1982ರಲ್ಲಿ ಹುಡುಗನಾಗಿ ಸೇರಿದೆ, ಈಗ ಅಂಗಡಿ ನನ್ನದೇ. ಆಗ ರಿಪೇರಿ ಜೊತೆಗೆ ಕ್ಯಾಸೆಟ್ ತುಂಬಿಸಿಕೊಡುವ ಕೆಲಸವೂ ಇತ್ತು. ಗಿರಾಕಿಗಳು ನೋಟ್‌ಬುಕ್ ಹಾಳೆಯಲ್ಲಿ ಹಾಡಿನ ಪಟ್ಟಿ ಬರೆದು ತರುತ್ತಿದ್ದರು. ಸೈಡ್ ಎ ಇಷ್ಟು, ಸೈಡ್ ಬಿ ಇಷ್ಟು. ಚಾಮರಾಜಪೇಟೆ, ಬಸವನಗುಡಿಯವರು ಭಾವಗೀತೆ, ರಾಜ್‌ಕುಮಾರ್ ಹಾಡು ಬರೆದು ತಂದರೆ, ದಂಡಿನ (ಕಂಟೋನ್ಮೆಂಟ್) ಕಡೆಯ ಹುಡುಗರು ಡೀಪ್ ಪರ್ಪಲ್, ಬ್ಲ್ಯಾಕ್ ಸಬ್ಬತ್, ಜಿಮಿ ಹೆಂಡ್ರಿಕ್ಸ್ ಅಂತ ಬರೆದು ತರುತ್ತಿದ್ದರು. ಕೆಲವರು ಎಲ್‌ಪಿ ರೆಕಾರ್ಡನ್ನು ಬಟ್ಟೆಯಲ್ಲಿ ಸುತ್ತಿ, ಸೈಕಲ್ ಮೇಲೆ ಒಂದು ಕೈಯಲ್ಲಿ ಹಿಡಿದುಕೊಂಡು ಫ್ರೇಜರ್ ಟೌನ್‌ನಿಂದ ಬರುತ್ತಿದ್ದರು. ಬೇಗ ತುಂಬಿಸುವ ಬಟನ್ ಇರುವ ಡೆಕ್ ಬಂದ ಮೇಲೂ ನಮ್ಮ ಯಜಮಾನರು ಅದನ್ನು ಒತ್ತಲು ಬಿಡುತ್ತಿರಲಿಲ್ಲ. ಸೌಂಡ್ ಕೆಡುತ್ತೆ ಅನ್ನುತ್ತಿದ್ದರು. ಹಾಗಾಗಿ ಒಂದು ತೊಂಬತ್ತು ನಿಮಿಷದ ಕ್ಯಾಸೆಟ್ ತುಂಬಿಸಬೇಕಾದರೆ ಒಂದೂವರೆ ಗಂಟೆ ಹೆಡ್‌ಫೋನ್ ಹಾಕಿಕೊಂಡು ಕೂರಲೇಬೇಕು. ನನಗೆ ಇಂಗ್ಲಿಷ್ ಸಾಲು ಅರ್ಥವಾಗುತ್ತಿರಲಿಲ್ಲ. ಗಿಟಾರ್ ಅರ್ಥವಾಗುತ್ತಿತ್ತು. ಎಲ್ಲಿ ಏರುತ್ತೆ, ಎಲ್ಲಿ ಅಳುತ್ತೆ, ಎಲ್ಲಿ ಸುಮ್ನೆ ನಿಂತುಬಿಡುತ್ತೆ ಅನ್ನುವುದೆಲ್ಲ ಬಾಯಿಪಾಠ. ಹಾಗೆ ತುಂಬಿಸಿಕೊಡುವುದು ಕಾನೂನಿಗೆ ಸರಿಯಲ್ಲ ಅಂತ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಆದರೆ ನನ್ನ ಕಿವಿ ತಯಾರಾಗಿದ್ದು ಅಲ್ಲೇ.

ಈಗ ವಾಯ್ ಅವರ ಆಲ್ಬಂ ವಿಷಯಕ್ಕೆ ಬರುತ್ತೇನೆ. ಅದರ ಹೆಸರು ‘ವಾಯ್/ಗ್ಯಾಶ್’. 1991ರ ರೆಕಾರ್ಡಿಂಗ್. ಎಂಟು ಹಾಡು, ಎಲ್ಲಾ ಸೇರಿ ಅರ್ಧ ಗಂಟೆ. ಬೈಕ್ ಓಡಿಸುವಾಗ ಕೇಳಬೇಕು ಅನ್ನಿಸುವಂಥ ಎಪ್ಪತ್ತರ ದಶಕದ ರಾಕ್. ಹಾಡಿದವರು ಜಾನಿ ಸೊಂಬ್ರೊಟ್ಟೊ, ಗೆಳೆಯರಿಗೆ ಗ್ಯಾಶ್. ಅದಕ್ಕೆ ಒಂದು ವರ್ಷ ಮೊದಲಷ್ಟೇ, 1990ರಲ್ಲಿ, ವಾಯ್ ಅವರ ‘ಪ್ಯಾಷನ್ ಆಂಡ್ ವಾರ್‌ಫೇರ್’ ಬಂದು ಜಗತ್ತಿನ ಗಿಟಾರ್ ಕಲಿಯುವ ಹುಡುಗರೆಲ್ಲ ಅದನ್ನೇ ಕೇಳುತ್ತಿದ್ದರು. ಬೆಂಗಳೂರಿನ ಹುಡುಗರೂ ಕೇಳುತ್ತಿದ್ದರು, ನಾನೇ ಎಷ್ಟೋ ಕ್ಯಾಸೆಟ್ ತುಂಬಿಸಿದ್ದೇನೆ. ಅಷ್ಟು ಹೆಸರು ಇದ್ದಾಗಲೂ ಈ ಎಂಟು ಹಾಡು ಹೊರಗೆ ಬರಲಿಲ್ಲ. 1993ರಲ್ಲಿ ಅವರು ಬೇರೆ ಹಾಡುಗಾರನ ಜೊತೆ ಬೇರೆಯದೇ ಆಲ್ಬಂ ಮಾಡಿದರು. 1998ರಲ್ಲಿ ಗ್ಯಾಶ್ ಬೈಕ್ ಅಪಘಾತದಲ್ಲಿ ತೀರಿಕೊಂಡರು. ಆಮೇಲೆ ಇಪ್ಪತ್ತೈದು ವರ್ಷ ಆ ಟೇಪ್ ಹಾಗೇ ಇತ್ತು. ಬೈಕ್ ಮೇಲೆ ಅಷ್ಟು ಪ್ರೀತಿಯಿಂದ ಹಾಡಿದ ಗೆಳೆಯ ಬೈಕ್ ಮೇಲೆಯೇ ಹೋದ ಅಂದಮೇಲೆ ಆ ಹಾಡು ಹಾಕಿ ಕೇಳುವುದಕ್ಕೆ ಕೈ ಬರಬೇಕಲ್ಲ. ನಾನು ಅವರ ಜಾಗದಲ್ಲಿ ಇದ್ದಿದ್ದರೂ ತೆಗೆಯುತ್ತಿರಲಿಲ್ಲ. ಆದರೆ ಬಿಸಾಕುತ್ತಲೂ ಇರಲಿಲ್ಲ.

ವಾಯ್ ಬಿಸಾಕುವವರಲ್ಲ ಅಂತ ನನಗೆ ಅನ್ನಿಸುವುದಕ್ಕೆ ಒಂದು ಕಾರಣ ಇದೆ. ಅವರು ಚಿಕ್ಕ ವಯಸ್ಸಿನಲ್ಲಿ ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಝಾಪಾ ಹತ್ತಿರ ಕೆಲಸಕ್ಕೆ ಸೇರಿದ್ದರು. ಮೊದಲು ಝಾಪಾ ಅವರ ಗಿಟಾರ್ ಕೇಳಿ ಕೇಳಿ ಅದನ್ನು ಸ್ವರ ಬರಹಕ್ಕೆ ಇಳಿಸುವ ಕೆಲಸ, ಆಮೇಲೆ ಅವರ ಬ್ಯಾಂಡಿನಲ್ಲಿ ನುಡಿಸುವುದು. ಝಾಪಾ ತಮ್ಮ ಲಾಸ್ ಏಂಜಲೀಸ್ ಮನೆಯ ಕೆಳಗೆ ಟೇಪ್ ಇಡುವುದಕ್ಕೇ ಒಂದು ಉಗ್ರಾಣ ಕಟ್ಟಿಕೊಂಡಿದ್ದವರು. ಅವರು 1993ರಲ್ಲಿ ಹೋದರು. ಆ ಉಗ್ರಾಣದಿಂದ ಇವತ್ತಿಗೂ ಹೊಸ ಆಲ್ಬಂ ಬರುತ್ತಲೇ ಇವೆ. ಅಂಥವರ ಮನೆಯಲ್ಲಿ ಕೆಲಸ ಕಲಿತ ಹುಡುಗನಿಗೆ ಟೇಪ್ ಅಂದರೆ ಏನು ಅಂತ ಗೊತ್ತಿರುತ್ತೆ, ಅಲ್ವಾ?

ಹೀಗೆ ಟೇಪ್ ಇಟ್ಟುಕೊಂಡವರು ಇನ್ನೂ ಇದ್ದಾರೆ. ಹಾಡುಗಾರ ನೀಲ್ ಯಂಗ್ 1974, 75ರಲ್ಲಿ ಮಾಡಿದ ‘ಹೋಮ್‌ಗ್ರೋನ್’ ಆಲ್ಬಂ ಬಂದದ್ದು 2020ರಲ್ಲಿ. ಅವರದೇ ಇನ್ನೊಂದು, ‘ಹಿಚ್‌ಹೈಕರ್’, 1976ರ ಆಗಸ್ಟ್‌ನಲ್ಲಿ ಒಂದೇ ರಾತ್ರಿ ಕೂತು ನುಡಿಸಿ ಹಾಡಿದ್ದು. ಬಂದದ್ದು 2017ರಲ್ಲಿ. ಬ್ಲ್ಯಾಕ್ ಸಬ್ಬತ್‌ನ ಗಿಟಾರ್ ವಾದಕ ಟೋನಿ ಅಯೋಮಿ 1996ರಲ್ಲಿ ಹಾಡುಗಾರ ಗ್ಲೆನ್ ಹ್ಯೂಸ್ ಜೊತೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಎಂಟು ಹಾಡು ಮಾಡಿ ಬಿಟ್ಟಿದ್ದರು. ಅದರ ಕಳ್ಳ ಕಾಪಿ ಎಂಟು ವರ್ಷ ಕೈಯಿಂದ ಕೈಗೆ ಓಡಾಡಿತು. ಕೊನೆಗೆ 2004ರಲ್ಲಿ ಅಯೋಮಿ ಅವರೇ ಹೊರತಂದರು. ಇದನ್ನು ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ.

ಅಲ್ಲಿ ಎಲ್ಲವೂ ಉಳಿಯುತ್ತೆ ಅಂತಲ್ಲ. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋಸ್ ಆವರಣಕ್ಕೆ ಬೆಂಕಿ ಬಿದ್ದು, ಅಲ್ಲಿದ್ದ ಮಾಸ್ಟರ್ ಟೇಪುಗಳ, ಅಂದರೆ ಮೂಲ ರೆಕಾರ್ಡಿಂಗ್‌ಗಳ, ಉಗ್ರಾಣ ಸುಟ್ಟುಹೋಯಿತು. ಎಷ್ಟು ದೊಡ್ಡ ನಷ್ಟ ಅನ್ನುವುದು ಹೊರಗಿನವರಿಗೆ ತಿಳಿದದ್ದು 2019ರಲ್ಲಿ. ಆ ಸುದ್ದಿ ಓದಿದ ದಿನ ನಾನು ಅಂಗಡಿ ಬೇಗ ಮುಚ್ಚಿ ಮನೆಗೆ ಹೋದೆ. ನನ್ನ ಹೆಂಡತಿ ಜ್ವರ ಬಂದಿದೆಯಾ ಅಂತ ಹಣೆ ಮುಟ್ಟಿ ನೋಡಿದಳು.

ಆದರೆ ನಮ್ಮಲ್ಲಿ ಬೆಂಕಿ ಬೇಕಾಗಲಿಲ್ಲ. ನಾವೇ ಅಳಿಸಿದೆವು.

ಇದು ಹೊಸಬರಿಗೆ ಗೊತ್ತಿರುವುದಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸ್ಟುಡಿಯೋದಲ್ಲಿ ಕ್ಯಾಸೆಟ್ ಅಲ್ಲ, ಸ್ಪೂಲ್. ದೊಡ್ಡ ಚಕ್ರ, ಹತ್ತೂವರೆ ಇಂಚು. ಅದರ ಮೇಲೆ 2500 ಅಡಿ ಟೇಪ್. ಸೆಕೆಂಡಿಗೆ ಹದಿನೈದು ಇಂಚು ಓಡಿದರೆ ಮೂವತ್ತಮೂರು ನಿಮಿಷಕ್ಕೆ ಮುಗಿಯುತ್ತೆ. ಈ ಟೇಪ್ ಹೊರದೇಶದಿಂದ ಬರಬೇಕಾಗಿತ್ತು, ದುಬಾರಿ. ಹಾಗಾಗಿ ಕೆಲಸ ಮುಗಿದು ಕ್ಯಾಸೆಟ್ ಕಂಪನಿಗೆ ಕಾಪಿ ಹೋದ ಮೇಲೆ ಎಷ್ಟೋ ಸಣ್ಣ ಸ್ಟುಡಿಯೋಗಳು ಅದೇ ಸ್ಪೂಲ್ ಮೇಲೆ ಮುಂದಿನ ರೆಕಾರ್ಡಿಂಗ್ ಮಾಡುತ್ತಿದ್ದವು. ಇಂಗ್ಲೆಂಡಿನ ಬಿಬಿಸಿಯವರೇ ಅರವತ್ತು, ಎಪ್ಪತ್ತರ ದಶಕದಲ್ಲಿ ತಮ್ಮ ಕಾರ್ಯಕ್ರಮಗಳನ್ನು ಹೀಗೆ ಅಳಿಸಿಬಿಟ್ಟಿದ್ದರು. ಹಾಗಿರುವಾಗ ಬಾಡಿಗೆ ಕಟ್ಟಲು ಒದ್ದಾಡುತ್ತಿದ್ದ ನಮ್ಮ ಸಣ್ಣ ಸ್ಟುಡಿಯೋದವರನ್ನು ಬೈಯಲು ನನಗೆ ಮನಸ್ಸಿಲ್ಲ. ಒಂದು ಕಾಲದಲ್ಲಿ ಕನ್ನಡದ ಹಾಡು ಅಂದರೆ ಮದ್ರಾಸಿಗೇ ಹೋಗಬೇಕಿತ್ತು. ಶಂಕರ್‌ನಾಗ್ ಇಲ್ಲೇ ಸಂಕೇತ್ ಸ್ಟುಡಿಯೋ ಕಟ್ಟಿದಾಗ ನಮಗೆಲ್ಲ ಎಷ್ಟು ಹೆಮ್ಮೆ ಅಂತೀರಿ. ಊರಲ್ಲೇ ರೆಕಾರ್ಡಿಂಗ್ ಮಾಡುವುದು ನಿಧಾನಕ್ಕೆ ಕಲಿತೆವು. ಮಾಡಿದ್ದನ್ನು ಇಟ್ಟುಕೊಳ್ಳುವುದು ಕಲಿಯಲಿಲ್ಲ.

ನನ್ನ ಗೆಳೆಯನ ಕಥೆ ಹೇಳುತ್ತೇನೆ. ಹೆಸರು ಬೇಡ ಅಂದಿದ್ದಾನೆ. ಶ್ರೀರಾಮಪುರದವನು. ಎಂಬತ್ತು, ತೊಂಬತ್ತರ ದಶಕದಲ್ಲಿ ಗಣೇಶನ ಹಬ್ಬ, ರಾಜ್ಯೋತ್ಸವ ಅಂದರೆ ಬೆಂಗಳೂರಿನ ಬೀದಿ ಬೀದಿಯಲ್ಲಿ ಆರ್ಕೆಸ್ಟ್ರಾ ಇರುತ್ತಿತ್ತಲ್ಲ, ಅದರಲ್ಲಿ ಗಿಟಾರ್ ನುಡಿಸುತ್ತಿದ್ದ. ಒಂದು ಸೀಸನ್‌ನಲ್ಲಿ ನಲವತ್ತು ಸ್ಟೇಜ್ ಹತ್ತಿದ್ದೂ ಉಂಟು. ಹಗಲು ಒಂದು ಕಾರ್ಖಾನೆಯಲ್ಲಿ ಕೆಲಸ. ಕಲ್ಕತ್ತಾದಲ್ಲಿ ತಯಾರಾದ ಒಂದು ಎಲೆಕ್ಟ್ರಿಕ್ ಗಿಟಾರ್ ಇತ್ತು, ಅದರ ಶಬ್ದವನ್ನು ಒರಟು ಮಾಡುವ ಡಿಸ್ಟಾರ್ಷನ್ ಡಬ್ಬಿಯನ್ನು ಬೇರೆಲ್ಲೂ ಕೊಳ್ಳಲಾಗದೆ ನನ್ನ ಹತ್ತಿರ ಕಟ್ಟಿಸಿಕೊಂಡ. ಒಂದು ಐಸಿ, ಎರಡು ಡಯೋಡ್, ಸೋಪಿನ ಡಬ್ಬಿಯಷ್ಟು ಅಲ್ಯೂಮಿನಿಯಂ ಪೆಟ್ಟಿಗೆ. ಅದು ಇವತ್ತಿಗೂ ಕೆಲಸ ಮಾಡುತ್ತದೆ.

ಆರ್ಕೆಸ್ಟ್ರಾದಲ್ಲಿ ಅವನಿಗೆ ಸಿಗುತ್ತಿದ್ದುದು ಚರಣದ ಮುಂಚಿನ ನಾಲ್ಕು ಸಾಲಿನ ಮ್ಯೂಸಿಕ್. ಅಷ್ಟರಲ್ಲೇ ಅವನು ಪ್ರಾಣ ಹಾಕುತ್ತಿದ್ದ. ಅವನಿಗೆ ತನ್ನದೇ ಅಂತ ಒಂದು ಮಾಡಬೇಕು ಅನ್ನುವ ಆಸೆ. 1992ರಲ್ಲಿ ಚೀಟಿ ಹಣ ಎತ್ತಿ, ಗಾಂಧಿನಗರದ ಒಂದು ಸಣ್ಣ ಸ್ಟುಡಿಯೋದಲ್ಲಿ ನಾಲ್ಕು ರಾತ್ರಿ ಬಾಡಿಗೆಗೆ ತೆಗೆದುಕೊಂಡ. ಆ ಸ್ಟುಡಿಯೋ ಈಗಿಲ್ಲ. ರಾತ್ರಿ ಯಾಕೆ ಅಂದರೆ ಬಾಡಿಗೆ ಅರ್ಧ, ರಸ್ತೆಯ ಗಲಾಟೆಯೂ ಕಮ್ಮಿ. ಬೇಸ್, ಡ್ರಮ್ಸ್, ಕೀಬೋರ್ಡ್‌ಗೆ ಆರ್ಕೆಸ್ಟ್ರಾದ ಗೆಳೆಯರೇ ಬಂದರು, ಕಾಸು ತಗೊಳ್ಳಲಿಲ್ಲ. ಆರು ಟ್ಯೂನ್. ಹಾಡು ಇಲ್ಲ, ಮಾತು ಇಲ್ಲ, ಬರೀ ಗಿಟಾರ್. ಅದರಲ್ಲಿ ಒಂದು ಟ್ಯೂನ್ ನಮ್ಮ ಕಡೆಯ ಸೋಬಾನೆ ಪದದ ಧಾಟಿಯಿಂದ ಎದ್ದು, ನಡುವೆ ಪೂರ್ತಿ ರಾಕ್ ಆಗಿ, ಮತ್ತೆ ಅದೇ ಧಾಟಿಗೆ ಬಂದು ಕೂರುತ್ತದೆ. ನಾಲ್ಕನೇ ರಾತ್ರಿ ನಾನೂ ಹೋಗಿದ್ದೆ. ಬೆಳಗಿನ ಜಾವ ಹೊರಗೆ ಬಂದಾಗ ಮೆಜೆಸ್ಟಿಕ್‌ನಲ್ಲಿ ಮೊದಲ ಬಸ್ಸುಗಳು ಸ್ಟಾರ್ಟ್ ಆಗುತ್ತಿದ್ದವು. ನಾವು ಐದು ಜನ ನಿಂತುಕೊಂಡು ಕಾಫಿ ಕುಡಿದೆವು. ಯಾರೂ ಮಾತಾಡಲಿಲ್ಲ, ಅಷ್ಟು ಖುಷಿ.

ಯಾವ ಕಂಪನಿಯೂ ತೆಗೆದುಕೊಳ್ಳಲಿಲ್ಲ. ಹಾಡೇ ಇಲ್ಲದ ಕ್ಯಾಸೆಟ್ ಯಾರು ಕೊಳ್ಳುತ್ತಾರೆ ಅನ್ನುವುದು ಒಂದು ಕಡೆಯ ಮಾತು. ಇದು ಕನ್ನಡವೋ ಇಂಗ್ಲಿಷೋ ಅನ್ನುವುದು ಇನ್ನೊಂದು ಕಡೆಯ ಮಾತು. ಈ ಎರಡನೇ ಮಾತು ಅವನಿಗೆ ಜಾಸ್ತಿ ನೋವಾಯಿತು. ಶ್ರೀರಾಮಪುರದಲ್ಲಿ ಹುಟ್ಟಿ, ಅಜ್ಜಿಯ ಸೋಬಾನೆ ಕೇಳಿ ಬೆಳೆದವನ ಕೈಯಲ್ಲಿ ಗಿಟಾರ್ ಇದ್ದ ಮಾತ್ರಕ್ಕೆ ಅವನು ಹೊರಗಿನವನಾದನೇ? ಇತ್ತ ಸ್ಟುಡಿಯೋಗೆ ಅರ್ಧ ಬಾಡಿಗೆ ಬಾಕಿ ಇತ್ತು. ಬಾಕಿ ಕೊಟ್ಟು ಸ್ಪೂಲ್ ತಗೊಂಡು ಹೋಗು ಅಂದರು. ನ್ಯಾಯವೇ. ತಂಗಿಯ ಮದುವೆ ಬಂತು, ಅಪ್ಪನಿಗೆ ಆಪರೇಷನ್ ಆಯಿತು. ಹಣ ಹೊಂದಿಸಿಕೊಂಡು ಹೋಗುವಾಗ 1994 ಮುಗಿಯುತ್ತಾ ಬಂದಿತ್ತು. ಅಷ್ಟರಲ್ಲಿ ಅದರ ಮೇಲೆ ಒಂದು ಭಕ್ತಿಗೀತೆಯ ಆಲ್ಬಂ ರೆಕಾರ್ಡ್ ಆಗಿ ಹೋಗಿತ್ತು. ಡಬ್ಬಿಯ ಮೇಲೆ ಅವನ ಹೆಸರಿಗೆ ಗೀಟು ಹಾಕಿ ದೇವರ ಹೆಸರು ಬರೆದಿದ್ದರು.

ಅವನು ಗಿಟಾರ್ ಮುಚ್ಚಿಟ್ಟ. ರಾಜಾಜಿನಗರದಲ್ಲಿ ಜೆರಾಕ್ಸ್ ಅಂಗಡಿ ಹಾಕಿದ. ನಾವು ಸಿಕ್ಕಾಗ ಈ ವಿಷಯ ಎತ್ತುತ್ತಿರಲಿಲ್ಲ. ಪ್ಯಾಲೇಸ್ ಗ್ರೌಂಡ್ಸ್‌ಗೆ 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬಂದರು, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ. ಮೂರಕ್ಕೂ ಕರೆದೆ, ಮೂರಕ್ಕೂ ಬರಲಿಲ್ಲ. ಮೆಟಾಲಿಕಾಗೆ ನಾನು ಒಬ್ಬನೇ ಹೋಗಿ ನಿಂತಿದ್ದೆ. ಸುತ್ತಲೂ ನನ್ನ ಮಗನ ವಯಸ್ಸಿನ ಹುಡುಗರು, ಅವರಲ್ಲಿ ಎಷ್ಟೋ ಜನ ತಮ್ಮತಮ್ಮಲ್ಲಿ ಕನ್ನಡದಲ್ಲೇ ಮಾತಾಡುತ್ತಿದ್ದರು. ಈ ಊರು ರಾಕ್ ಸಂಗೀತವನ್ನು ತನ್ನದು ಮಾಡಿಕೊಂಡಿದೆ. 1996ರಲ್ಲಿ ಶುರುವಾದ ತರ್ಮಲ್ ಆಂಡ್ ಎ ಕ್ವಾರ್ಟರ್ ಬ್ಯಾಂಡ್ ಇವತ್ತಿಗೂ ನುಡಿಸುತ್ತಿದೆ. ರಘು ದೀಕ್ಷಿತ್ ಕನ್ನಡದ ಹಾಡನ್ನು ಗಿಟಾರ್ ಜೊತೆ ಹಿಡಿದುಕೊಂಡು ಜಗತ್ತು ಸುತ್ತಿ ಬಂದರು. ಆದರೆ ಇವರಿಗಿಂತ ಮುಂಚೆ ಬೀದಿ ಸ್ಟೇಜಿನಲ್ಲಿ ನಿಂತವರು ಏನು ನುಡಿಸಿದರು ಅನ್ನುವುದಕ್ಕೆ ನಮ್ಮ ಹತ್ತಿರ ಏನಿದೆ?

2021ರಲ್ಲಿ, ಎರಡನೇ ಲಾಕ್‌ಡೌನ್ ತೆಗೆದ ಮೇಲೆ, ಆ ಗೆಳೆಯನ ಮಗಳು ನನ್ನ ಅಂಗಡಿಗೆ ಬಂದಳು. ಮನೆಯಲ್ಲೇ ಕೂತಿದ್ದಾಗ ಎಲ್ಲರೂ ಅಟ್ಟ ಖಾಲಿ ಮಾಡಿದರಲ್ಲ, ಅವರ ಮನೆಯಲ್ಲೂ ಮಾಡಿದ್ದಾರೆ. ಒಂದು ಬಿಸ್ಕತ್ ಡಬ್ಬದಲ್ಲಿ ಕ್ಯಾಸೆಟ್‌ಗಳು. ಅದರಲ್ಲಿ ಒಂದರ ಮೇಲೆ ನನ್ನ ಕೈಬರಹ. “ಅಂಕಲ್, ಇದರಲ್ಲಿ ಏನಿದೆ? ಅಪ್ಪ ಕೇಳಿದರೆ ಹೇಳುತ್ತಿಲ್ಲ, ಗುಜರಿಗೆ ಹಾಕು ಅಂತಾರೆ” ಅಂದಳು.

ನಾಲ್ಕನೇ ರಾತ್ರಿ ಮುಗಿದ ಮೇಲೆ ಮನೆಗೆ ಹೋಗಿ ಕೇಳಲಿ ಅಂತ ಒಂದು ಅರವತ್ತು ನಿಮಿಷದ ಟಿಡಿಕೆ ಕ್ಯಾಸೆಟ್‌ಗೆ ಆರೂ ಟ್ಯೂನ್ ಇಳಿಸಿದ್ದರು. ಲೇಬಲ್ ಬರೆದದ್ದು ನಾನು. ಅದು ನನಗೆ ಮರೆತೇ ಹೋಗಿತ್ತು.

ತೆರೆದು ನೋಡಿದರೆ ಟೇಪಿನ ಸುರುಳಿಯ ಅಂಚಿಗೆ ಬಿಳಿ ಬೂಷ್ಟು. ನಮ್ಮ ಊರಿನ ಮಳೆಗಾಲದ ಅಟ್ಟದಲ್ಲಿ ಇದು ಮಾಮೂಲು. ಹಾಗೇ ಪ್ಲೇ ಒತ್ತಿದ್ದರೆ ಆ ಬೂಷ್ಟು ಟೇಪ್ ಓದುವ ಹೆಡ್‌ಗೆ ಮೆತ್ತಿಕೊಂಡು, ರಿಬ್ಬನ್ ಎಳೆದು ಹಾಳಾಗುತ್ತಿತ್ತು. ಐದು ಸ್ಕ್ರೂ ಬಿಚ್ಚಿ, ಸುರುಳಿಯನ್ನು ಹೊರತೆಗೆದು, ಎರಡು ದಿನ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಡಬ್ಬದಲ್ಲಿ ಇಟ್ಟೆ. ಆಮೇಲೆ ಒಣ ಮೆತ್ತನೆ ಬಟ್ಟೆಯ ನಡುವೆ ಹಾಯಿಸಿ, ಕೈಯಲ್ಲೇ ಸುತ್ತಿದೆ. ತೊಂಬತ್ತು ಮೀಟರ್ ರಿಬ್ಬನ್, ನಾಲ್ಕು ಮಿಲಿಮೀಟರ್‌ಗಿಂತ ಕಮ್ಮಿ ಅಗಲ. ಹೆಡ್‌ಗೆ ರಿಬ್ಬನ್ ಒತ್ತಿ ಹಿಡಿಯುವ ಪುಟ್ಟ ಪ್ಯಾಡ್ ಬಿದ್ದುಹೋಗಿತ್ತು. ಬೇರೆ ಕ್ಯಾಸೆಟ್‌ನ ಒಳ್ಳೆ ಪೆಟ್ಟಿಗೆಗೆ ವರ್ಗಾಯಿಸಿದೆ. ಕೊನೆಗೆ ಹೆಡ್ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆ. ಮಂಕಾಗಿ ಕೇಳುತ್ತಿದ್ದ ಶಬ್ದ ಒಮ್ಮೆಗೇ ಬಿಚ್ಚಿಕೊಂಡಿತು. ತಂತಿಯ ಮೇಲೆ ಬೆರಳು ಜಾರುವುದು ಕೂಡ ಕೇಳಿಸಿತು. ಆ ಹುಡುಗಿ ಸ್ಟೂಲ್ ಮೇಲೆ ಕೂತಿದ್ದವಳು ಎದ್ದು ನಿಂತಳು. ಅವಳು ಹುಟ್ಟಿದ್ದು 1995ರಲ್ಲಿ. ಅಪ್ಪ ಗಿಟಾರ್ ನುಡಿಸಿದ್ದನ್ನು ಅವಳು ಒಂದು ದಿನವೂ ಕೇಳಿರಲಿಲ್ಲ.

ಮೂರನೇ ಟ್ಯೂನ್, ಆ ಸೋಬಾನೆ ಧಾಟಿಯದ್ದು, ನಡುವೆ ಒಮ್ಮೆಗೇ ನಿಂತು ಆಕಾಶವಾಣಿಯ ಪ್ರದೇಶ ಸಮಾಚಾರ ಬಂತು. ಕೃಷ್ಣರಾಜಸಾಗರದ ನೀರಿನ ಮಟ್ಟ ಓದುತ್ತಿದ್ದಾರೆ. ಮೂವತ್ತೆಂಟು ಸೆಕೆಂಡ್. ಆಮೇಲೆ ಮತ್ತೆ ಗಿಟಾರ್. ಮನೆಯಲ್ಲಿ ಯಾರೋ ಗೊತ್ತಿಲ್ಲದೆ ರೆಕಾರ್ಡ್ ಬಟನ್ ಒತ್ತಿದ್ದಾರೆ. ಕ್ಯಾಸೆಟ್‌ನ ಬೆನ್ನಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿ ಇರುತ್ತವೆ. ಅವನ್ನು ಮುರಿದುಬಿಟ್ಟರೆ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ಅಂದು ಲೇಬಲ್ ಬರೆದವನು ನಾನು, ಕಿವಿ ಮುರಿಯಬೇಕಾಗಿದ್ದವನೂ ನಾನೇ. ಮುರಿದಿರಲಿಲ್ಲ.

ಗೆಳೆಯನನ್ನು ಒಪ್ಪಿಸಿ ಕರೆತರಲು ಮಗಳಿಗೆ ಮೂರು ತಿಂಗಳು ಹಿಡಿಯಿತು. ಬಂದ, ಕೇಳಿದ. ಒಂದು ಗಂಟೆ ಏನೂ ಮಾತಾಡಲಿಲ್ಲ. ಆಮೇಲೆ ಅವನು ಹೇಳಿದ್ದು ಇದು: “ಆ ಮೂವತ್ತೆಂಟು ಸೆಕೆಂಡ್ ನಾನು ಮತ್ತೆ ನುಡಿಸಿ ಸೇರಿಸ್ತೀನಿ. ಅಯೋಮಿ ಹಾಗೇ ಮಾಡಿದ್ದು ತಾನೇ?” ನಿಜ. ಅಯೋಮಿ ಆ 1996ರ ಹಾಡುಗಳನ್ನು ಹೊರತರುವಾಗ ಮೊದಲಿದ್ದ ಡ್ರಮ್ಸ್ ತೆಗೆಸಿ, ಜಿಮ್ಮಿ ಕೋಪ್ಲಿ ಅವರಿಂದ ಹೊಸದಾಗಿ ನುಡಿಸಿ ಹಾಕಿಸಿದ್ದರು. ಆದರೆ ಸ್ಟುಡಿಯೋದ ಟೇಪಿನಲ್ಲಿ ಒಂದೊಂದು ವಾದ್ಯಕ್ಕೂ ಬೇರೆ ಬೇರೆ ದಾರಿ ಇರುತ್ತದೆ. ಒಂದನ್ನು ತೆಗೆದು ಇನ್ನೊಂದನ್ನು ಹಾಕಬಹುದು. ನಮ್ಮ ಹತ್ತಿರ ಇರುವುದು ಎಲ್ಲ ಸೇರಿಸಿ ಇಳಿಸಿದ ಕ್ಯಾಸೆಟ್. ಕಲಸಿದ ಮೇಲೆ ಅನ್ನ ಬೇರೆ ಸಾರು ಬೇರೆ ಮಾಡೋಕಾಗುತ್ತಾ? ಪೂರ್ತಿ ಮೂವತ್ತೆಂಟು ಸೆಕೆಂಡನ್ನು ನಾಲ್ಕೂ ವಾದ್ಯದ ಜೊತೆ ಹೊಸದಾಗಿ ಮಾಡಿ ಅಂಟಿಸಬೇಕು. ಡ್ರಮ್ಸ್ ನುಡಿಸಿದ ಗೆಳೆಯ ಈಗಿಲ್ಲ. ಆದರೂ ಇವನು ಮೂರು ಭಾನುವಾರ ನನ್ನ ಅಂಗಡಿಯ ಷಟರ್ ಎಳೆದುಕೊಂಡು, ಅದೇ ಅಲ್ಯೂಮಿನಿಯಂ ಡಬ್ಬಿ ಹಾಕಿಕೊಂಡು ಅಭ್ಯಾಸ ಮಾಡಿದ. ಎಡಗೈಯ ಕಿರುಬೆರಳು ಬಗ್ಗುವುದಿಲ್ಲ, ಗಂಟು ನೋವು. ಮೂರನೇ ಭಾನುವಾರ ಗಿಟಾರ್ ಕೆಳಗಿಟ್ಟು, ಆ ಹುಡುಗ ಬೇರೆ, ನಾನು ಬೇರೆ ಅಂದ. ನಾನು ಏನೂ ಹೇಳಲಿಲ್ಲ. ಹೇಳುವುದಕ್ಕೆ ಏನಿತ್ತು?

ಕಂಪ್ಯೂಟರ್‌ನಲ್ಲಿ ಆ ಭಾಗ ಕತ್ತರಿಸಿ ಎರಡೂ ತುದಿ ಸೇರಿಸಬಹುದು, ಯಾರಿಗೂ ಗೊತ್ತಾಗುವುದಿಲ್ಲ ಅಂತ ಒಬ್ಬ ಹುಡುಗ ಹೇಳಿದ. ನನಗೆ ಅದು ಸುತರಾಂ ಒಪ್ಪಿಗೆ ಇಲ್ಲ. ಈಗಿನ ಸಾಫ್ಟ್‌ವೇರ್‌ಗಳು ಸುಯ್ ಅನ್ನುವ ಟೇಪಿನ ಶಬ್ದವನ್ನೂ ಪೂರ್ತಿ ಒರೆಸಿಬಿಡುತ್ತವೆ, ಅದರ ಜೊತೆಗೆ ತಂತಿಯ ಉಸಿರೂ ಹೋಗುತ್ತದೆ. ಸ್ವಲ್ಪ ತೆಗೆಯಿರಿ, ಬೇಡ ಅನ್ನುವುದಿಲ್ಲ. ಒರೆಸದ ಒಂದು ಕಾಪಿ ಮಾತ್ರ ಯಾವಾಗಲೂ ಪಕ್ಕದಲ್ಲಿ ಇರಲಿ. ಕೊನೆಗೆ ಗೆಳೆಯನೇ ತೀರ್ಮಾನ ಮಾಡಿದ. ಪ್ರದೇಶ ಸಮಾಚಾರ ಇರಲಿ ಅಂದ. ಆ ಮೂವತ್ತೆಂಟು ಸೆಕೆಂಡಿನಲ್ಲಿ ಹಿಂದೆ ಯಾರೋ ಪಾತ್ರೆ ಇಡುವ ಸದ್ದು ಕೇಳುತ್ತದೆ. ಅದು ಅವನ ತಾಯಿ ಅಂತೆ. ಅವರೂ ಈಗಿಲ್ಲ.

ಈ ಯುಗಾದಿಗೆ ಅವನ ಮಗಳು ಆ ಆರೂ ಟ್ಯೂನ್‌ಗಳನ್ನು ಯೂಟ್ಯೂಬ್‌ಗೆ ಹಾಕುತ್ತಾಳೆ. ಇಪ್ಪತ್ತೇಳು ನಿಮಿಷ. ಯಾವ ಪತ್ರಿಕೆಯಲ್ಲೂ ಸುದ್ದಿ ಬರುವುದಿಲ್ಲ, ಪರವಾಗಿಲ್ಲ. ಹಕ್ಕಿನ ವಿಷಯವನ್ನೂ ವಿಚಾರಿಸಿದೆವು. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ರೆಕಾರ್ಡಿಂಗ್ ಅನ್ನು ಮುಂದೆ ನಿಂತು, ಹೊಣೆ ಹೊತ್ತು ಮಾಡಿಸಿದವರೇ ಅದರ ನಿರ್ಮಾಪಕರು. ಇಲ್ಲಿ ಅದು ಅವನೇ. ನುಡಿಸಿದ ಗೆಳೆಯರ, ಅವರ ಮನೆಯವರ ಒಪ್ಪಿಗೆಯನ್ನೂ ಕೇಳಿ ಬರೆಸಿಕೊಂಡಿದ್ದಾನೆ. ಡ್ರಮ್ಸ್ ಗೆಳೆಯನ ಹೆಂಡತಿ ಸಹಿ ಹಾಕಿ, ಒಂದು ಸಲ ಕೇಳಿಸಿ ಅಂದರು.

ಈಗ ನನ್ನ ಕೋರಿಕೆ. ಕಾಗದ ಪತ್ರಗಳಿಗೆ ಸರ್ಕಾರದ ರಾಜ್ಯ ಪತ್ರಾಗಾರ ಇದೆ. ಜೆ.ಪಿ. ನಗರದಲ್ಲಿ 2019ರಲ್ಲಿ ಸಂಗೀತದ ಮ್ಯೂಸಿಯಂ ತೆರೆದಿದೆ, ನೋಡಿ ಬಂದಿದ್ದೇನೆ, ಚೆನ್ನಾಗಿದೆ. ಆದರೆ ನಮ್ಮ ಗಲ್ಲಿಯ ಆರ್ಕೆಸ್ಟ್ರಾ ಗಿಟಾರ್ ವಾದಕ, ಗಿರಿನಗರದ ಕೀಬೋರ್ಡ್ ಮೇಷ್ಟ್ರು, ದಂಡಿನ ಕಾಲೇಜ್ ಬ್ಯಾಂಡ್ ಹುಡುಗರು, ಇವರ ಮನೆಯ ಅಟ್ಟದಲ್ಲಿ ಇರುವ ಟೇಪ್‌ಗಳಿಗೆ ಒಂದು ವಿಳಾಸ ಬೇಕು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ರವೀಂದ್ರ ಕಲಾಕ್ಷೇತ್ರದ ಆವರಣದಲ್ಲಿ ಒಂದು ಕೋಣೆ ಕೊಟ್ಟರೂ ಸಾಕು. ಎರಡು ಒಳ್ಳೆ ಡೆಕ್, ಒಂದು ಸ್ಪೂಲ್ ಮಷೀನ್, ಒಂದು ಕಂಪ್ಯೂಟರ್. ಮಷೀನ್ ನೋಡಿಕೊಳ್ಳುವುದಕ್ಕೆ ನಾನು ಬರುತ್ತೇನೆ, ಸಂಬಳ ಬೇಡ. ಹೇಳಿಕೊಟ್ಟರೆ ಕಲಿಯುವ ಹುಡುಗರೂ ಇದ್ದಾರೆ. ಅಲ್ಲಿಯವರೆಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಒಂದು ಚಿಕ್ಕ ಜಾಗ ಬಿಡಿ. ಯಾರ ಮನೆಯಲ್ಲಿ ಏನಿದೆ ಅಂತ ಓದುಗರು ಬರೆದು ಕಳಿಸಲಿ. ಇರುವುದು ಎಷ್ಟು ಅಂತ ಮೊದಲು ಗೊತ್ತಾಗಲಿ.

ಕಾಯುವುದಕ್ಕೆ ಜಾಸ್ತಿ ಟೈಮ್ ಇಲ್ಲ. ಎಪ್ಪತ್ತು, ಎಂಬತ್ತರ ದಶಕದ ಕೆಲವು ಸ್ಟುಡಿಯೋ ಸ್ಪೂಲ್‌ಗಳಲ್ಲಿ ಕಬ್ಬಿಣದ ಪುಡಿಯನ್ನು ಹಿಡಿದಿಡುವ ಅಂಟು ತೇವ ಹೀರಿ ಜಿಗಟಾಗುತ್ತದೆ. ಅಂಥದ್ದನ್ನು ಐವತ್ತು ಐವತ್ತೈದು ಡಿಗ್ರಿ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು, ಆಮೇಲೆ ತಡಮಾಡದೆ ಕಾಪಿ ತೆಗೆಯಬೇಕು. ಮನೆಯ ಒಲೆಯಲ್ಲಿ, ಮೈಕ್ರೋವೇವ್‌ನಲ್ಲಿ ದಯವಿಟ್ಟು ಪ್ರಯತ್ನ ಮಾಡಬೇಡಿ. ಟೇಪಿಗಿಂತ ಬೇಗ ಹೋಗುತ್ತಿರುವುದು ಮಷೀನ್‌ಗಳು ಮತ್ತು ಅವನ್ನು ಬಲ್ಲವರು. ನಾನು ಸೇರಿದಾಗ ನಮ್ಮ ಗಲ್ಲಿಯಲ್ಲಿ ಟೇಪ್ ರಿಪೇರಿಯ ಹನ್ನೊಂದು ಅಂಗಡಿ ಇದ್ದವು. ಈಗ ಉಳಿದಿರುವುದು ನಾನೊಬ್ಬನೇ.

ಓದುಗರಿಗೆ ಒಂದು ಮಾತು. ಹಳೇ ಕ್ಯಾಸೆಟ್ ಸಿಕ್ಕಿದರೆ ಕುತೂಹಲಕ್ಕೆ ತಕ್ಷಣ ಪ್ಲೇ ಒತ್ತಬೇಡಿ. ಬಿಸಿಲಿಗೂ ಇಡಬೇಡಿ. ಸ್ಪೀಕರ್ ಪಕ್ಕ ಬೇಡ, ಅದರ ಆಯಸ್ಕಾಂತ ಒಳ್ಳೆಯದಲ್ಲ. ಮೊದಲು ಬೆನ್ನಿನ ಆ ಎರಡು ಪುಟ್ಟ ಕಿವಿ ಮುರಿಯಿರಿ. ಪ್ಲಾಸ್ಟಿಕ್ ಕವರ್‌ನಲ್ಲಿ ಬಿಗಿಯಾಗಿ ಸುತ್ತದೆ, ಕಾಗದದ ಪೊಟ್ಟಣದಲ್ಲಿ ನಿಲ್ಲಿಸಿ ಇಟ್ಟುಕೊಂಡು ತನ್ನಿ. ಅಂಗಡಿ ಬೆಳಿಗ್ಗೆ ಹನ್ನೊಂದರಿಂದ ರಾತ್ರಿ ಎಂಟರವರೆಗೆ ತೆರೆದಿರುತ್ತದೆ. ಭಾನುವಾರ ಷಟರ್ ಅರ್ಧ ಎಳೆದಿದ್ದರೂ ಒಳಗೆ ಇರುತ್ತೇನೆ, ಒಂದು ಸಲ ತಟ್ಟಿ.

ಇಂತಿ,
ಟೇಪ್‌ರೆಕಾರ್ಡರ್ ರಿಪೇರಿಯವನು
ಎಸ್‌.ಪಿ. ರಸ್ತೆ, ಬೆಂಗಳೂರು